ಮಿತ ವೆಚ್ಚದಲ್ಲಿ ಗೇರ್ ಸೈಕಲ್ ಖರೀದಿ: ಗ್ರಾಹಕರಿಗೆ ಮಾಹಿತಿ

ಉದ್ಯೋಗ, ವ್ಯಾಸಂಗ ಹಾಗೂ ಆರೋಗ್ಯದ ದೃಷ್ಟಿಯಿಂದ ಗೇರ್ ಸೈಕಲ್ ಕೊಳ್ಳಬಯಸುವ ಅನೇಕರ ಬಳಿ ಇರುವ ಹಣ ಸೀಮಿತವಾಗಿರುತ್ತದೆ. ಹೊರನೋಟವನ್ನಷ್ಟೇ ನೋಡಿ ಕೊಂಡ ಸೈಕಲ್ ಕೆಲವೇ ತಿಂಗಳಲ್ಲಿ ಮೂಲೆ ಸೇರಿದರೆ ಉಳಿತಾಯದ ಹಣ ವ್ಯರ್ಥವಾಗುತ್ತದೆ. ಬ್ರೇಕ್ ವಿಫಲವಾದಲ್ಲಿ ಪ್ರಾಣಕ್ಕೂ ಅಪಾಯವುಂಟು. ಆದ್ದರಿಂದ ಖರೀದಿಗೆ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.

1. ಬಳಕೆಯ ಉದ್ದೇಶ

ರೋಡ್ ಸೈಕಲ್ ಸಪೂರ ಟಯರು ಹಾಗೂ ಬಾಗಿದ ಹ್ಯಾಂಡಲ್ ಹೊಂದಿದ್ದು, ನಯವಾದ ಡಾಂಬರು ರಸ್ತೆಯಲ್ಲಿ ದೂರದ ಪ್ರಯಾಣಕ್ಕೆ ಸೂಕ್ತವಾಗಿದೆ. ಮೌಂಟನ್ ಸೈಕಲ್‌ನ ದಪ್ಪ ಟಯರು ಕಚ್ಚಾ ರಸ್ತೆ, ಹೊಲದ ದಾರಿ ಹಾಗೂ ಮಲೆನಾಡಿನ ಏರುತಗ್ಗುಗಳಿಗೆ ತಕ್ಕುದಾಗಿದೆ. ಆದರೆ ಡಾಂಬರಿನ ಮೇಲೆ ಹೆಚ್ಚು ಶ್ರಮ ಬೇಡುತ್ತದೆ. ಗುಂಡಿಗಳಿರುವ ಊರಿನ ರಸ್ತೆಯಲ್ಲಿ ನಿತ್ಯ ಸಂಚರಿಸುವವರಿಗೆ ಇವೆರಡರ ನಡುವಿನ, ನೇರ ಹ್ಯಾಂಡಲ್ ಇರುವ ಹೈಬ್ರಿಡ್ ಸೈಕಲ್ ಅನುಕೂಲಕರ.

2. ಹಣ ಯಾವುದಕ್ಕೆ ಸಲ್ಲಬೇಕು

ಕಡಿಮೆ ಬೆಲೆಯ ಸೈಕಲ್‌ನಲ್ಲಿ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇದ್ದರೆ, ಅದರ ವೆಚ್ಚವನ್ನು ಸಾಮಾನ್ಯವಾಗಿ ಇತರ ಭಾಗಗಳ ಗುಣಮಟ್ಟ ಇಳಿಸಿ ಸರಿದೂಗಿಸಲಾಗಿರುತ್ತದೆ. ಇದರಿಂದ ತೂಕ ಹೆಚ್ಚುತ್ತದೆ ಮತ್ತು ಪೆಡಲ್ ತುಳಿದ ಶ್ರಮದಲ್ಲಿ ಒಂದಷ್ಟು ಸ್ಪ್ರಿಂಗ್‌ನಲ್ಲೇ ಕಳೆದುಹೋಗುತ್ತದೆ. ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕ್, ಉತ್ತಮ ಫ್ರೇಮ್, ಗಟ್ಟಿಮುಟ್ಟಾದ ಚಕ್ರ ಮತ್ತು ನಂಬಿಕೆಯ ಬ್ರೇಕ್‌ಗೆ ಆದ್ಯತೆ ನೀಡುವುದು ಲೇಸು.

ಗೇರ್‌ಗಳ ಸಂಖ್ಯೆ ಗುಣಮಟ್ಟದ ಅಳತೆಯಲ್ಲ. ಮುಂದಿನ 3 ಹಾಗೂ ಹಿಂದಿನ 7 ಹಲ್ಲುಚಕ್ರಗಳನ್ನು ಗುಣಿಸಿ 21 ಗೇರ್ ಎನ್ನಲಾಗುತ್ತದೆ. ಇವುಗಳಲ್ಲಿ ಹಲವು ಒಂದಕ್ಕೊಂದು ಸಮೀಪವಾಗಿರುತ್ತವೆ. ಅಂತೆಯೇ, ಕಳಪೆ ಡಿಸ್ಕ್ ಬ್ರೇಕ್‌ಗಿಂತ ಸರಿಯಾಗಿ ಹೊಂದಿಸಿದ ಉತ್ತಮ ರಿಮ್ ಬ್ರೇಕ್ ಮೇಲು. ಆದರೆ ಮಳೆ, ಕೆಸರು ಹೆಚ್ಚಿರುವ ಪ್ರದೇಶದಲ್ಲಿ ಒಳ್ಳೆಯ ಡಿಸ್ಕ್ ಬ್ರೇಕ್ ಉಪಯುಕ್ತವಾಗಿದೆ.

3. ಅಳತೆ

ತಮ್ಮ ಎತ್ತರಕ್ಕೆ ಹೊಂದದ ಸೈಕಲ್ ಎಷ್ಟೇ ರಿಯಾಯಿತಿಯಲ್ಲಿ ದೊರೆತರೂ ಲಾಭದಾಯಕವಲ್ಲ. ಎರಡೂ ಪಾದ ನೆಲಕ್ಕೂರಿ ಮೇಲಿನ ಕೊಳವೆಯ ಆಚೀಚೆ ನಿಂತಾಗ, ರೋಡ್ ಸೈಕಲ್‌ನಲ್ಲಿ ಸುಮಾರು 2–3 ಸೆಂ.ಮೀ., ಮೌಂಟನ್ ಸೈಕಲ್‌ನಲ್ಲಿ 5 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು ಅಂತರವಿರಬೇಕು. ಕಡ್ಡಾಯವಾಗಿ ಓಡಿಸಿ ನೋಡತಕ್ಕದ್ದು.

ಟಯರಿನ ಬದಿಯಲ್ಲಿ ರಿಮ್ ವ್ಯಾಸವನ್ನು ಮಿ.ಮೀ.ನಲ್ಲಿ ನಮೂದಿಸಲಾಗಿರುತ್ತದೆ: 26 ಅಂಗುಲದ ಮೌಂಟನ್ ಸೈಕಲ್‌ಗೆ 559, 27.5ಕ್ಕೆ 584, 29 ಅಂಗುಲ ಹಾಗೂ 700ಸಿ ಚಕ್ರಗಳಿಗೆ 622. ಆ ಅಳತೆಯ ಟಯರು, ಟ್ಯೂಬು ತಮ್ಮ ಊರಿನಲ್ಲಿ ದೊರೆಯುವುದೇ ಎಂದು ಮೊದಲೇ ವಿಚಾರಿಸುವುದು ಸೂಕ್ತ.

4. ಒಟ್ಟು ವೆಚ್ಚ

ಹೆಲ್ಮೆಟ್, ಬೀಗ, ಪಂಪು, ಮುಂದಿನ ಹಾಗೂ ಹಿಂದಿನ ದೀಪ ಮತ್ತು ಮೊದಲ ಸರ್ವಿಸ್‌ಗೆ ಹಣ ಮೀಸಲಿಟ್ಟು, ಉಳಿದದ್ದರಲ್ಲಿ ಸೈಕಲ್ ಆರಿಸಬೇಕು. ದಿನಾಂಕ 22-9-2025ರಿಂದ ಮೋಟಾರು ರಹಿತ ಸೈಕಲ್‌ಗಳ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದ್ದು, ರಸೀದಿಯಲ್ಲಿ ಇದನ್ನು ಪರಿಶೀಲಿಸಿಕೊಳ್ಳಬಹುದು.

5. ಬಳಸಿದ ಸೈಕಲ್

ಅದೇ ಹಣಕ್ಕೆ ಉತ್ತಮ ದರ್ಜೆಯ ಬಳಸಿದ ಸೈಕಲ್ ದೊರೆಯುವ ಸಾಧ್ಯತೆ ಇದೆ. ಆಗ ಈ ಕೆಳಗಿನವುಗಳನ್ನು ಪರೀಕ್ಷಿಸಬೇಕು:

ಅ) ಫ್ರೇಮ್‌ನ ಬೆಸುಗೆಗಳಲ್ಲಿ ಬಿರುಕು, ತುಕ್ಕು ಅಥವಾ ಹೊಸದಾಗಿ ಬಣ್ಣ ಬಳಿದ ಗುರುತು.
ಆ) ಚಕ್ರ ತಿರುಗಿಸಿದಾಗ ಓಲಾಟ, ಸಡಿಲವಾದ ಕಡ್ಡಿಗಳು.
ಇ) ಚೈನಿನ ಸವೆತ. 24 ಕೊಂಡಿಗಳು 12 ಅಂಗುಲ ಇರಬೇಕು. 12⅛ ಅಂಗುಲ ತಲುಪಿದ್ದರೆ ಚೈನಿನೊಂದಿಗೆ ಹಲ್ಲುಚಕ್ರವನ್ನೂ ಬದಲಿಸಬೇಕಾಗಬಹುದು.
ಈ) ಫ್ರೇಮ್ ಸಂಖ್ಯೆ. ಇದು ಸಾಮಾನ್ಯವಾಗಿ ಪೆಡಲ್ ಅಚ್ಚಿನ ಕೆಳಭಾಗದಲ್ಲಿರುತ್ತದೆ. ಮೂಲ ರಸೀದಿಯೊಂದಿಗೆ ಹೋಲಿಸಿ ನೋಡಬೇಕು. ಸಂಖ್ಯೆಯನ್ನು ಉಜ್ಜಿ ಅಳಿಸಿದ್ದಲ್ಲಿ ಖರೀದಿಸಬಾರದು. ಕಳವಿನ ಮಾಲೆಂದು ತಿಳಿದೂ ಪಡೆಯುವುದು ಅಪರಾಧವಾಗಿರುತ್ತದೆ.

6. ರಸೀದಿ ಮತ್ತು ಪರಿಹಾರ

ರಸೀದಿಯಲ್ಲಿ ಮಾದರಿ, ಫ್ರೇಮ್ ಸಂಖ್ಯೆ ಹಾಗೂ ವಾರಂಟಿ ಅವಧಿಯನ್ನು ನಮೂದಿಸಿಕೊಳ್ಳಬೇಕು. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ರಸೀದಿ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ. ದೋಷಯುಕ್ತ ಸರಕನ್ನು ರಸೀದಿಯಲ್ಲಿ ಸೂಚಿಸಿದ ಅವಧಿಯೊಳಗೆ, ಅವಧಿ ಸೂಚಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದೂ ಹಾಗೆಯೇ.

ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ತಾವು ವಾಸಿಸುವ ಇಲ್ಲವೇ ಉದ್ಯೋಗ ಮಾಡುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ 2 ವರ್ಷಗಳೊಳಗೆ ದೂರು ದಾಖಲಿಸಬಹುದು. ರೂ. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ.

ಸೂಚನೆ: ಈ ಮಾಹಿತಿಯು ಗ್ರಾಹಕರ ತಿಳಿವಳಿಕೆಗಾಗಿ ಮಾತ್ರ. ಯಾವುದೇ ಕಂಪನಿ ಅಥವಾ ಮಾದರಿಯನ್ನು ಇಲ್ಲಿ ಶಿಫಾರಸು ಮಾಡಿರುವುದಿಲ್ಲ.