ವಾರ್ಫರಿನ್: ಮೇವಿನ ವಿಷ, ಹೃದಯದ ರಕ್ಷೆ

1920ರ ದಶಕದಲ್ಲಿ ಉತ್ತರ ಅಮೆರಿಕದ ಹಟ್ಟಿಗಳಲ್ಲಿ, ಬೂಷ್ಟು ಹಿಡಿದ ಸಿಹಿ ಕ್ಲೋವರ್ ಮೇವನ್ನು ತಿಂದ ದನಗಳು, ಕೊಂಬು ಕತ್ತರಿಸಿದ ಗಾಯದಿಂದಲೂ ನೆತ್ತರು ನಿಲ್ಲದೆ ಅಸುನೀಗುತ್ತಿದ್ದವು. ಆ ಮೇವಿನಲ್ಲಡಗಿದ್ದ ದ್ರವ್ಯವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಲಿಂಕ್ ಅವರ ಪ್ರಯೋಗಶಾಲೆಯು ಶೋಧಿಸಿತು. ಅದರ ಸಂತತಿಯಾದ ವಾರ್ಫರಿನ್, ಮೊದಲು ಇಲಿಪಾಷಾಣವಾಗಿ, 1954ರಿಂದ ಮನುಷ್ಯರ ಔಷಧವಾಗಿ ಬಳಕೆಗೆ ಬಂದಿತು.

‘ರಕ್ತ ತೆಳುಮಾಡುವ ಮಾತ್ರೆ’ ಎಂದು ಕರೆಯುವೆವಾದರೂ ಇದು ರಕ್ತವನ್ನು ನೀರಾಗಿಸದು. ಯಕೃತ್ತಿನಲ್ಲಿ ವಿಟಮಿನ್ ‘ಕೆ’ ಮರಳಿ ಸಕ್ರಿಯವಾಗುವುದನ್ನು ತಡೆದು, ಹೆಪ್ಪುಗಟ್ಟಿಸುವ ಅಂಶಗಳನ್ನು ದುರ್ಬಲಗೊಳಿಸುತ್ತದೆ. ಕೃತಕ ಕವಾಟವನ್ನು ಧರಿಸಿದ ಹೃದಯಕ್ಕೂ, ಲಯ ತಪ್ಪಿದ ಹೃದಯಕ್ಕೂ, ಕಾಲಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದವರಿಗೂ ಇದು ರಕ್ಷೆ. ಆದರೆ ಪ್ರಮಾಣ ಮೀರಿದರೆ ರಕ್ತಸ್ರಾವ, ಕುಂದಿದರೆ ಹೆಪ್ಪು. ಆದುದರಿಂದ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ತಪ್ಪಿಸದೆ, ವಿಟಮಿನ್ ‘ಕೆ’ ಇರುವ ಸೊಪ್ಪಿನ ಊಟವನ್ನು ದಿನದಿನವೂ ಒಂದೇ ಅಳತೆಯಲ್ಲಿರಿಸಿಕೊಂಡು, ವೈದ್ಯರ ಮಾತಿನಂತೆ ನಡೆಯುವುದೇ ಶ್ರೇಯಸ್ಕರ.