ಹಳೆಯ ಜೀಪಿನ ಇಂಧನ ಟ್ಯಾಂಕ್: ದುರಸ್ತಿಯೋ, ಬಂಡವಾಳ ವೆಚ್ಚವೋ?

ಕಲ್ಲುಗಣಿ, ಎಸ್ಟೇಟುಗಳಲ್ಲಿ ದುಡಿದ ಹಳೆಯ ಜೀಪುಗಳ ಇಂಧನ ಟ್ಯಾಂಕ್ ನೀರಿನಂಶದಿಂದ ಒಳಗೇ ತುಕ್ಕು ಹಿಡಿಯುತ್ತದೆ. ತುಕ್ಕಿನ ಪುಡಿ ಪೈಪುಗಳಿಗೂ ಇಳಿಯುವುದರಿಂದ ಎರಡನ್ನೂ ಒಟ್ಟಿಗೆ ಬದಲಾಯಿಸುವುದೇ ಲೇಸು. ಟ್ಯಾಂಕ್ ಹೊಸದೆಂಬ ಕಾರಣಕ್ಕೆ ಕೆಲವರು ಈ ವೆಚ್ಚವನ್ನು ವಾಹನದ ಬೆಲೆಗೆ ಸೇರಿಸಿ, ವರ್ಷವರ್ಷದ ಸವಕಳಿಯಷ್ಟಕ್ಕೇ ತೃಪ್ತರಾಗುತ್ತಾರೆ. ಇದು ಅನವಶ್ಯಕ ಔದಾರ್ಯ.

ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡಲು ಮಾಡಿದ್ದು ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತಂದದ್ದು ಅಲ್ಲ. 1997ರ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿದ ಒರೆಗಲ್ಲು ಇದು. 2007ರ ಶರವಣ ಸ್ಪಿನ್ನಿಂಗ್ ಮಿಲ್ಸ್ ತೀರ್ಪಿನಲ್ಲಿ ರಿಂಗ್ ಫ್ರೇಮ್ ಸ್ವತಂತ್ರ ಯಂತ್ರವೆನಿಸಿದ್ದರಿಂದ ಅದರ ಬದಲಾವಣೆ ದುರಸ್ತಿಯೆನಿಸಲಿಲ್ಲ. ಟ್ಯಾಂಕಾದರೋ ಜೀಪಿನ ಒಂದು ಅಂಗ ಮಾತ್ರ. ಆದ್ದರಿಂದ ಅದೇ ಅಳತೆಯ ಟ್ಯಾಂಕ್ ಹಾಕಿಸಿದ ವೆಚ್ಚವನ್ನು ಆ ವರ್ಷದ ಲಾಭದಿಂದಲೇ ಕಳೆಯಬಹುದು. ಹೆಚ್ಚುವರಿ ಟ್ಯಾಂಕ್ ಕೂಡಿಸಿದರೆ, ಅಥವಾ ಹಳೆಯ ಜೀಪು ಕೊಂಡು ಬಳಕೆಗೆ ತರುವ ಮುನ್ನವೇ ಈ ಕೆಲಸ ಮಾಡಿಸಿದರೆ, ಅದು ಬಂಡವಾಳ ವೆಚ್ಚ.

ಚಾಲಕನೂ ಸೇರಿ 13 ಆಸನ ಮೀರದ ಪ್ರಯಾಣಿಕ ವಾಹನದ ದುರಸ್ತಿಗೆ ತೆತ್ತ ಜಿಎಸ್‌ಟಿಗೆ 2019ರ ಫೆಬ್ರವರಿ 1ರಿಂದ ಇನ್‌ಪುಟ್ ಕ್ರೆಡಿಟ್ ಸಾಮಾನ್ಯವಾಗಿ ದೊರೆಯದು. ಆ ತೆರಿಗೆಯನ್ನೂ ದುರಸ್ತಿ ಖಾತೆಗೇ ಸೇರಿಸಬೇಕು. ಗ್ಯಾರೇಜಿನವರು ಬಿಲ್ಲಿನಲ್ಲಿ ‘ವಾಹನ ನವೀಕರಣ’ ಎಂದಷ್ಟೇ ಬರೆದುಕೊಟ್ಟರೆ ಒಪ್ಪದಿರಿ. ಟ್ಯಾಂಕ್, ಪೈಪು, ಕೂಲಿಗಳನ್ನು ಬೇರೆ ಬೇರೆಯಾಗಿ, ವಾಹನದ ನೋಂದಣಿ ಸಂಖ್ಯೆಯೊಡನೆ ನಮೂದಿಸಿ ಪಡೆಯಿರಿ.