ಫೋಟೋದ ಹಿಂದೆ ಹೆಸರು ಬರೆಯೋಣ



ನಮ್ಮೆಲ್ಲರ ಮನೆಯಲ್ಲೂ ಹಳೇ ಫೋಟೋಗಳು ಇರುತ್ತವೆ. ಕೆಲವಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಕೆಲವು ಟ್ರಂಕಿನ ತಳದಲ್ಲಿ, ಸೀರೆಗಳ ಅಡಿಯಲ್ಲಿ ಇವೆ.

"ಇವರು ಯಾರವ್ವಾ?" ಎಂದು ಮಕ್ಕಳು ಕೇಳುತ್ತಾರೆ. "ನಿಮ್ಮ ತಾತನ ಅಣ್ಣ" ಅಂತೀವಿ. "ಪಕ್ಕದಲ್ಲಿ ಇರೋ ಹೆಂಗಸು?" "ಅವರ ಹೆಂಡತಿ ಇರಬೇಕು" ಅಂದು ಸುಮ್ಮನಾಗುತ್ತೇವೆ. ಆಕೆಯ ಹೆಸರು ಗೊತ್ತಿಲ್ಲ.

ಹೀಗೇಕೆ ಆಯಿತು? ಗೊತ್ತಿದ್ದವರು ತೀರಿಕೊಂಡರು. ಆಗ ಬರೆದಿಡಲು ಯಾರಿಗೂ ಅಕ್ಷರ ಬರುತ್ತಿರಲಿಲ್ಲ. ಈಗ ನಮಗೆ ಅಕ್ಷರ ಬಂದಿದೆ. ಈ ಕೆಲಸ ನಾವೇ ಮಾಡೋಣ.

ಯಾರನ್ನು ಕೇಳಬೇಕು?

ಮನೆಯಲ್ಲಿ, ಊರಲ್ಲಿ ಎಲ್ಲರಿಗಿಂತ ಹಿರಿಯರು ಯಾರು? ಅವರ ಹತ್ತಿರ ಫೋಟೋ ತೆಗೆದುಕೊಂಡು ಹೋಗಿ. ಬೆಳಕಿನಲ್ಲಿ ಕೂರಿಸಿ ತೋರಿಸಿ. ಒಬ್ಬೊಬ್ಬರನ್ನೇ ಕೇಳಿ. ಹಿರಿಯರಿಗೆ ಇಸವಿ ನೆನಪಿರುವುದಿಲ್ಲ. "ಯಾರ ಮದುವೆ? ಬರ ಬಂದದ್ದಕ್ಕೆ ಮುಂಚೆಯೋ, ಆಮೇಲೋ? ಆಗ ದೊಡ್ಡ ಮಗ ಹುಟ್ಟಿದ್ದನಾ?" ಹೀಗೆ ಕೇಳಿದರೆ ನೆನಪು ಬರುತ್ತದೆ. ಈ ಕೆಲಸವನ್ನು ಮುಂದೂಡಬೇಡಿ.

ಏನು ಬರೆಯಬೇಕು?

ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು ಬರೆಯಿರಿ. "ಅಜ್ಜಿ" ಎಂದಷ್ಟೇ ಬರೆದರೆ ಸಾಲದು. ಯಾರ ಅಜ್ಜಿ? ನಾಳೆ ಓದುವವರಿಗೆ ತಿಳಿಯಬೇಕು. ಊರು, ಸಂದರ್ಭ, ಗೊತ್ತಿದ್ದರೆ ಇಸವಿ ಬರೆಯಿರಿ.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತು. ಮದುವೆಯಾದ ಮೇಲೆ ಹೆಸರು ಬದಲಾಯಿಸುವ ರೂಢಿ ಕೆಲವು ಮನೆಗಳಲ್ಲಿ ಇತ್ತು. ಆದ್ದರಿಂದ ಎರಡೂ ಹೆಸರು ಬರೆಯಿರಿ. ತವರೂರನ್ನೂ ಬರೆಯಿರಿ. ಇಲ್ಲದಿದ್ದರೆ ಆಕೆ ಬರೀ "ಇಂಥವರ ಹೆಂಡತಿ" ಆಗಿಬಿಡುತ್ತಾಳೆ.

ಹೇಗೆ ಬರೆಯಬೇಕು?

ಬಾಲ್ ಪೆನ್ ಬೇಡ. ಒತ್ತಿ ಬರೆದರೆ ಗುರುತು ಮುಂದಕ್ಕೆ ಮೂಡುತ್ತದೆ. ಶಾಯಿಯೂ ಹರಡುತ್ತದೆ. ಮೆತ್ತನೆಯ ಪೆನ್ಸಿಲ್ಲಿನಿಂದ ಹಿಂಭಾಗದ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಕಲರ್ ಫೋಟೋಗಳ ಹಿಂಭಾಗ ನುಣುಪಾಗಿರುತ್ತೆ, ಪೆನ್ಸಿಲ್ ಹತ್ತುವುದಿಲ್ಲ. ಆಗ ಬೇರೆ ಚೀಟಿಯಲ್ಲಿ ಬರೆದು, ಫೋಟೋ ಜೊತೆ ಒಂದೇ ಲಕೋಟೆಯಲ್ಲಿ ಇಡಿ. ಗೋಂದು, ಪಿನ್ನು ಬೇಡ.

ಯಾವ ಕಾಲದ್ದು?

ಫೋಟೋ ತಿರುಗಿಸಿ ನೋಡಿ. ಸ್ಟುಡಿಯೋದವರ ಮುದ್ರೆ ಇರಬಹುದು. ಅಕ್ಷರ ಕೂಡಿಸಿ ಓದಿ. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದೆಯೇ? ಪಿನ್ ಕೋಡ್ ಶುರುವಾದದ್ದು 1972ರಲ್ಲಿ. ಹಾಗಾದರೆ ಆ ಮುದ್ರೆ ಅದಕ್ಕಿಂತ ಈಚಿನದು. "ಮೈಸೂರು ರಾಜ್ಯ" ಎಂದಿದೆಯೇ? ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಆ ಫೋಟೋ ಅದಕ್ಕೂ ಹಿಂದಿನದು ಇರಬಹುದು. ಆದರೆ ಹಳೇ ಫೋಟೋದಿಂದ ಆಮೇಲೆ ಪ್ರತಿ ತೆಗೆಸಿದ್ದರೆ ಈ ಲೆಕ್ಕ ತಪ್ಪುತ್ತದೆ.

ಹಾಳಾಗದಂತೆ ಹೇಗೆ ಇಡಬೇಕು?

ಫೋಟೋ ಕಾಗದದ ಮೇಲೆ ತೆಳ್ಳಗೆ ಅಂಟಿನಂಥ ಪದರ ಇರುತ್ತೆ. ಚಿತ್ರ ಇರೋದು ಅದರಲ್ಲೇ. ತೇವ ತಗುಲಿದರೆ ಅದು ಮೆತ್ತಗಾಗುತ್ತೆ. ಗಾಜಿಗೆ ಅಂಟುತ್ತೆ, ಬೂಸ್ಟು ಹಿಡಿಯುತ್ತೆ. ಆದ್ದರಿಂದ ಸೋರುವ ಗೋಡೆ, ಒಲೆಯ ಹೊಗೆ, ನೇರ ಬಿಸಿಲು ಇವು ಬೇಡ. ಅರಿಸಿನ ಕುಂಕುಮವನ್ನು ಗಾಜಿಗೆ ಹಚ್ಚಿ, ಕಾಗದಕ್ಕೆ ಹಚ್ಚಬೇಡಿ. ಒದ್ದೆ ಬಟ್ಟೆಯಿಂದ ಚಿತ್ರ ಒರೆಸಬೇಡಿ. ಅಂಚು ಹಿಡಿದು ಎತ್ತಿ.

ಗಾಜಿಗೆ ಅಂಟಿದ ಫೋಟೋವನ್ನು ಕೀಳಬೇಡಿ, ಹರಿದುಹೋಗುತ್ತೆ. ಗಾಜಿನ ಸಮೇತ ಅದರ ಪ್ರತಿ ತೆಗೆಸಿ.

2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂತು. ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ಕಾಳುಕಡಿ ಮತ್ತೆ ತರಬಹುದು, ಫೋಟೋ ತರಲಾದೀತೇ? ನೆನೆದ ಫೋಟೋಗಳನ್ನು ಒಂದರ ಮೇಲೊಂದು ಒಣಗಲು ಬಿಡಬೇಡಿ. ಶುದ್ಧ ತಣ್ಣೀರಿನಲ್ಲಿ ಮೆಲ್ಲಗೆ ಅದ್ದಿ ಕೆಸರು ತೆಗೆಯಿರಿ. ಚಿತ್ರ ಮೇಲಾಗಿ ಬಿಡಿಬಿಡಿಯಾಗಿ ನೆರಳಲ್ಲಿ ಒಣಗಿಸಿ.

ಈಗ ಹಲವು ಮನೆಗಳಲ್ಲಿ ಕ್ಯಾಮೆರಾ ಇರುವ ಮೊಬೈಲ್ ಇದೆ. ಮಕ್ಕಳಿಗೆ ಹೇಳಿ ಫೋಟೋದ ಎರಡೂ ಬದಿಯ ಚಿತ್ರ ತೆಗೆಸಿ. ದೂರದ ನೆಂಟರಿಗೆ ಕಳಿಸಿ ಕೇಳಿ. ಅಂಗಡಿಯಲ್ಲಿ ಹೊಸ ಪ್ರತಿ ಮಾಡಿಸಿದರೆ ಹಳೇದನ್ನು ಮರೆಯದೆ ವಾಪಸ್ಸು ತನ್ನಿ.

ಮಾಡಿ ನೋಡಿ

1. ಮನೆಯ ಅತಿ ಹಳೇ ಫೋಟೋ ಯಾವುದು? ಹುಡುಕಿ.
2. ಅದರಲ್ಲಿರುವ ಹೆಂಗಸರ ಹೆಸರು, ತವರೂರು ಕೇಳಿ ಬರೆಯಿರಿ.
3. ನಿಮ್ಮದೇ ಒಂದು ಫೋಟೋ ತೆಗೆದುಕೊಳ್ಳಿ. ಅದರ ಹಿಂದೆ ನಿಮ್ಮ ಹೆಸರನ್ನು ನೀವೇ ಬರೆಯಿರಿ.